ಒಂದೇ ಹಳಿ, ಎರಡು ಊರು: ಶಾರ್ಲೆಟ್‌ನ ನೀಲಿ ಮಾರ್ಗ ಕಲಿಸುವುದು

ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ನಗರದಲ್ಲಿ ಸಂಜೆ ಐದೂವರೆಗೆ ಈಸ್ಟ್-ವೆಸ್ಟ್ ಬುಲೆವಾರ್ಡ್ ನಿಲ್ದಾಣದ ಪಕ್ಕ ನಿಂತರೆ ಅಮೆರಿಕದ ದಕ್ಷಿಣ ರಾಜ್ಯವೊಂದರಲ್ಲಿ ಇದ್ದೇವೆ ಅನ್ನಿಸುವುದಿಲ್ಲ. ನೀಲಿ ಮಾರ್ಗವೆಂಬ ನಗರ ರೈಲಿನ ಹಳಿಗೆ ಒತ್ತಿಕೊಂಡೇ ಒಂದು ಕಾಲುದಾರಿ. ಅದರಲ್ಲಿ ಓಡುವವರು, ಮಗುವಿನ ಗಾಡಿ ತಳ್ಳುವವರು, ನಾಯಿ ಹಿಡಿದು ನಡೆಯುವವರು. ಅಪಾರ್ಟ್‌ಮೆಂಟುಗಳ ಬಾಗಿಲು ರಸ್ತೆಗೆ ಬೆನ್ನು ಮಾಡಿ ಹಳಿಯ ಕಡೆಗೇ ತೆರೆದಿವೆ. ಕಾಫಿ ಅಂಗಡಿಯ ಮೇಜುಗಳು ರೈಲಿನಿಂದ ಹತ್ತಿಪ್ಪತ್ತು ಅಡಿ ದೂರದಲ್ಲಿವೆ. ಅಲ್ಲಿಂದ ಅದೇ ರೈಲು ಹತ್ತಿ ದಕ್ಷಿಣಕ್ಕೆ ನಾಲ್ಕು ನಿಲ್ದಾಣ ಹೋಗಿ ಟೈವೋಲಾದಲ್ಲಿ ಇಳಿದರೆ ಎದುರಾಗುವುದು ಕಾರು ನಿಲ್ಲಿಸುವ ಬಯಲು, ಅದರಾಚೆ ಸೌತ್ ಬುಲೆವಾರ್ಡಿನ ಅಗಲ ರಸ್ತೆ, ರಸ್ತೆಯುದ್ದಕ್ಕೂ ಹಳೆ ಕಾರಿನ ವ್ಯಾಪಾರಿಗಳು, ಟಯರ್ ಅಂಗಡಿಗಳು, ಲ್ಯಾಟಿನ್ ಅಮೆರಿಕದಿಂದ ಬಂದವರು ನಡೆಸುವ ದಿನಸಿ ಅಂಗಡಿಗಳು. ಹಳಿ ಅದೇ, ಟಿಕೆಟ್ ಅದೇ, ರೈಲು ಶುರುವಾದ ದಿನವೂ ಅದೇ: 2007ರ ನವೆಂಬರ್ 24. ಹದಿನೆಂಟು ವರ್ಷ ಒಂದೇ ಹಳಿಯ ಮೇಲೆ ಕಳೆದ ಮೇಲೂ ಈ ಎರಡು ಜಾಗಗಳು ಇಷ್ಟು ಬೇರೆಯಾಗಿ ಉಳಿದದ್ದು ಹೇಗೆ?

ಸಾಮಾನ್ಯವಾಗಿ ಸಿಗುವ ಉತ್ತರ "ಒಂದು ಊರಿನ ನಡುವಿಗೆ ಹತ್ತಿರ, ಇನ್ನೊಂದು ದೂರ" ಎನ್ನುವುದು. ಅದರಲ್ಲಿ ಸತ್ಯವಿದೆ, ಆದರೆ ಸಾಲದು. ಊರಿನ ಉತ್ತರಕ್ಕೆ ಅಷ್ಟೇ ದೂರದ ನಿಲ್ದಾಣಗಳ ಸುತ್ತ ಬೇರೆ ರೀತಿಯ ಬೆಳವಣಿಗೆ ಆಗಿದೆ. ರೈಲು ತಾನಾಗಿ ಊರು ಕಟ್ಟುವುದಿಲ್ಲ. ಹಳಿಯ ಎರಡೂ ಬದಿಯ ನೆಲ ಯಾರ ಕೈಯಲ್ಲಿದೆ, ಎಷ್ಟು ಎಕರೆಯ ತುಂಡುಗಳಲ್ಲಿದೆ, ಅಲ್ಲಿಗೆ ನಡೆದು ಬರಲು ಸಾಧ್ಯವೇ, ಅಲ್ಲಿ ಏನು ಕಟ್ಟಲು ಕಾನೂನು ಬಿಡುತ್ತದೆ ಎಂಬುದೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ತೀರ್ಮಾನವಾಗುವುದು ರೈಲು ಓಡುವ ಮೊದಲು, ಮಾರ್ಗ ಘೋಷಣೆಯಾಗಿ ಉದ್ಘಾಟನೆಯಾಗುವ ತನಕದ ಆ ಎಂಟು ಹತ್ತು ವರ್ಷಗಳಲ್ಲಿ.

ಸೌತ್ ಎಂಡ್ ಮೊದಲೇ ಸಿದ್ಧವಾಗಿತ್ತು

ಈಸ್ಟ್-ವೆಸ್ಟ್ ನಿಲ್ದಾಣವಿರುವ ಸೌತ್ ಎಂಡ್ ಹಿಂದೆ ಕಾರ್ಖಾನೆಗಳ ಸಾಲು. 1890ರ ದಶಕದ ಆಥರ್ಟನ್ ಹತ್ತಿ ಗಿರಣಿ, ಲ್ಯಾನ್ಸ್ ಬಿಸ್ಕತ್ತಿನ ಕಾರ್ಖಾನೆ, ಗೋದಾಮುಗಳು, ನಡುವೆ ಸರಕು ರೈಲಿನ ಹಳಿ. ಪಕ್ಕದ ಡಿಲ್‌ವರ್ತ್ ಬಡಾವಣೆ ಹುಟ್ಟಿದ್ದೇ 1891ರಲ್ಲಿ, ವಿದ್ಯುತ್ ಟ್ರಾಮಿನ ಜೊತೆಗೆ. ಊರಿನ ಟ್ರಾಮುಗಳು 1938ರಲ್ಲಿ ನಿಂತವು. ಕೊನೆಯದಾಗಿ ಓಡಿದ 85ನೇ ನಂಬರಿನ ಬೋಗಿ ಹಂಟರ್ಸ್‌ವಿಲ್‌ನಲ್ಲಿ ಯಾರದೋ ವಾಸದ ಮನೆಯಾಗಿ ಉಳಿದುಕೊಂಡಿತ್ತು. ಅದನ್ನು ಹುಡುಕಿ ತಂದು ದುರಸ್ತಿ ಮಾಡಿ, 1996ರಲ್ಲಿ ಬಳಕೆ ತಪ್ಪಿದ ಆ ಸರಕು ಹಳಿಯ ಮೇಲೆ ಸ್ವಯಂಸೇವಕರು ಓಡಿಸತೊಡಗಿದರು. ಪ್ರವಾಸಿಗರ ಆಕರ್ಷಣೆಯಂತೆ ಕಂಡ ಈ ಪುಟ್ಟ ಟ್ರಾಮು ಒಂದು ದೊಡ್ಡ ಕೆಲಸ ಮಾಡಿತು: ಈ ಹಳಿಯ ಪಕ್ಕ ಜನ ಬಂದು ನಿಲ್ಲಬಹುದು, ತಿನ್ನಬಹುದು, ಮನೆ ಮಾಡಬಹುದು ಎಂಬುದನ್ನು ಜಾಗದ ಮಾಲೀಕರಿಗೆ ತೋರಿಸಿಕೊಟ್ಟಿತು.

1998ರ ನವೆಂಬರಿನಲ್ಲಿ ಶಾರ್ಲೆಟ್ ಸೇರಿರುವ ಮೆಕ್ಲೆನ್‌ಬರ್ಗ್ ಕೌಂಟಿಯ ಮತದಾರರು ಸಾರಿಗೆಗೆಂದು ಮಾರಾಟದ ಮೇಲೆ ಡಾಲರಿಗೆ ಅರ್ಧ ಸೆಂಟ್ ತೆರಿಗೆಯನ್ನು ಒಪ್ಪಿದರು. ಮೇಯರ್ ಪ್ಯಾಟ್ ಮೆಕ್ರೋರಿ ರಿಪಬ್ಲಿಕನ್ ಪಕ್ಷದವರು, ಆದರೂ ಈ ರೈಲಿನ ಬೆನ್ನಿಗೆ ಗಟ್ಟಿಯಾಗಿ ನಿಂತರು. ಅಮೆರಿಕದ ಇಂದಿನ ರಾಜಕೀಯ ನೋಡಿದವರಿಗೆ ಇದು ನೆನಪಿಡಬೇಕಾದ ಮಾತು. ಖರ್ಚು ಏರುತ್ತ ಹೋಗಿ ಕೊನೆಗೆ ಸುಮಾರು 46 ಕೋಟಿ ಡಾಲರ್ ಮುಟ್ಟಿತು. ಸಿಟ್ಟಾದ ವಿರೋಧಿಗಳು ತೆರಿಗೆಯನ್ನೇ ರದ್ದು ಮಾಡಿಸಲು 2007ರ ನವೆಂಬರಿನಲ್ಲಿ ಮತ್ತೆ ಜನಮತಕ್ಕೆ ಹೋದರು. ರೈಲು ಶುರುವಾಗಲು ಮೂರು ವಾರವೂ ಉಳಿದಿರಲಿಲ್ಲ. ಸುಮಾರು 70 ಶೇಕಡಾ ಮಂದಿ ತೆರಿಗೆ ಉಳಿಯಲಿ ಎಂದರು. ದಿನಕ್ಕೆ 9,100 ಪ್ರಯಾಣಿಕರು ಬಂದಾರು ಎಂಬ ಅಂದಾಜಿನ ಮೇಲೆ ಕಟ್ಟಿದ 9.6 ಮೈಲಿಯ, 15 ನಿಲ್ದಾಣಗಳ ಮಾರ್ಗ ಬೇಗನೆ ಆ ಸಂಖ್ಯೆಯನ್ನು ದಾಟಿತು.

ಖರ್ಚು ಉಳಿಸಲು ಮಾಡಿದ ಒಂದು ಕಡಿತ ಮಾತ್ರ ಮುಂದೆ ಕಾಡಿತು. ಮೂರು ಬೋಗಿಯ ರೈಲು ನಿಲ್ಲಬೇಕಾದ ಪ್ಲಾಟ್‌ಫಾರಂಗಳನ್ನು ಎರಡು ಬೋಗಿಗೆ ಸಾಕಾಗುವಷ್ಟೇ ಕಟ್ಟಿದರು. ನಂತರ ಓಡುವ ರೈಲಿನ ನಡುವೆಯೇ ಅವುಗಳನ್ನು ಉದ್ದ ಮಾಡಬೇಕಾಯಿತು. ಈಸ್ಟ್-ವೆಸ್ಟ್ ಮತ್ತು ನ್ಯೂ ಬರ್ನ್ ನಡುವಿನ ದೊಡ್ಡ ಅಂತರದಲ್ಲಿ ಬೇಕಾಗಿದ್ದ ಇನ್ನೊಂದು ನಿಲ್ದಾಣದ ಯೋಜನೆಯೂ ಹೀಗೆ ತಡವಾಗಿ ಬಂದದ್ದೇ. ಮಣ್ಣು ತೆರೆದಿದ್ದಾಗ ಅಗ್ಗವಾಗಿ ಆಗುವ ಕೆಲಸ, ರೈಲು ಓಡತೊಡಗಿದ ಮೇಲೆ ರಾತ್ರಿಯ ಕೆಲವೇ ಗಂಟೆಗಳಲ್ಲಿ, ವಿದ್ಯುತ್ ತಂತಿ ಆರಿಸಿ, ಒಂದೇ ಹಳಿಯಲ್ಲಿ ಎರಡೂ ದಿಕ್ಕಿನ ರೈಲು ಬಿಟ್ಟು ಮಾಡುವಷ್ಟು ದುಬಾರಿಯಾಗುತ್ತದೆ.

ಏಳು ಮಹಡಿಯ ಲೆಕ್ಕ

ಸೌತ್ ಎಂಡಿನ ಅಪಾರ್ಟ್‌ಮೆಂಟುಗಳೆಲ್ಲ ಒಂದೇ ಎತ್ತರ, ಒಂದೇ ಆಕಾರದಲ್ಲಿವೆ ಎಂದು ದೂರುವವರು ಬಹಳ. ಅದಕ್ಕೆ ವಾಸ್ತುಶಿಲ್ಪಿಯ ಕಲ್ಪನೆಯ ಬಡತನಕ್ಕಿಂತ ಬೆಂಕಿಯ ನಿಯಮಗಳು ದೊಡ್ಡ ಕಾರಣ. ಜನ ವಾಸಿಸುವ ಅತಿ ಮೇಲಿನ ನೆಲ, ಅಗ್ನಿಶಾಮಕ ವಾಹನ ನಿಲ್ಲುವ ಮಟ್ಟದಿಂದ 75 ಅಡಿ ದಾಟಿತೆಂದರೆ ಕಟ್ಟಡ 'ಹೈ-ರೈಸ್' ಆಗುತ್ತದೆ. ಆಗ ಮೆಟ್ಟಿಲ ಬಾವಿಗಳಲ್ಲಿ ಗಾಳಿಯ ಒತ್ತಡದ ವ್ಯವಸ್ಥೆ, ತುರ್ತು ವಿದ್ಯುತ್, ನಿಯಂತ್ರಣ ಕೊಠಡಿ ಎಲ್ಲ ಬೇಕು. ಮರದ ಚೌಕಟ್ಟಿನಲ್ಲಿ ಐದು ಮಹಡಿಯ ತನಕ ಕಟ್ಟಬಹುದು, ಅದರ ಕೆಳಗೆ ಕಾಂಕ್ರೀಟಿನ ಒಂದೋ ಎರಡೋ ಮಹಡಿ. ಹಾಗಾಗಿ ಆರು ಏಳು ಮಹಡಿಯಲ್ಲಿ ಒಂದು ಚದರಡಿಯ ಖರ್ಚು ಕಡಿಮೆ. ಎಂಟಕ್ಕೆ ಹೋದರೆ ಮರ ಬಿಟ್ಟು ಇಡೀ ಕಾಂಕ್ರೀಟು ಅಥವಾ ಉಕ್ಕು, ಖರ್ಚು ಒಮ್ಮೆಗೇ ಮೇಲೇರುತ್ತದೆ. ಏರಿದ ಖರ್ಚು ಹುಟ್ಟಬೇಕಾದರೆ ಇಪ್ಪತ್ತು ಮಹಡಿಗೇ ಹೋಗಬೇಕು. ಆದ್ದರಿಂದಲೇ ಅಲ್ಲಿ ಏಳು ಮಹಡಿ, ಇಲ್ಲವೇ ಇಪ್ಪತ್ತಕ್ಕೂ ಹೆಚ್ಚು. ನಡುವಿನ ಎತ್ತರ ಅಪರೂಪ.

ಇನ್ನೊಂದು ಲೆಕ್ಕ ಕಾರಿನದು. ಮಹಡಿ ಪಾರ್ಕಿಂಗ್‌ನಲ್ಲಿ ಒಂದು ಕಾರಿಗೆ, ತಿರುಗುವ ದಾರಿಯೂ ಸೇರಿ, ಮುನ್ನೂರಕ್ಕೂ ಹೆಚ್ಚು ಚದರಡಿ ಬೇಕು. ಖರ್ಚು ಸಾಮಾನ್ಯವಾಗಿ 25ರಿಂದ 40 ಸಾವಿರ ಡಾಲರ್. 250 ಮನೆಗಳ ಕಟ್ಟಡದಲ್ಲಿ ಮನೆಗೆ ಒಂದೂವರೆ ಕಾರಿನ ಜಾಗ ಕಡ್ಡಾಯವೆಂದರೆ 375 ಜಾಗ. ಮೂವತ್ತು ಸಾವಿರದಂತೆ ಹಿಡಿದರೂ ಒಂದು ಕೋಟಿ ಹನ್ನೆರಡೂವರೆ ಲಕ್ಷ ಡಾಲರ್. ಕಾರೇ ಇಲ್ಲದವನ ಬಾಡಿಗೆಯಲ್ಲೂ ಇದರ ಪಾಲು ಸೇರಿರುತ್ತದೆ. 2019ರ ಏಪ್ರಿಲಿನಲ್ಲಿ ನಗರಸಭೆ ಒಪ್ಪಿದ ಹೊಸ ಟಿಒಡಿ ನಿಯಮಗಳು, ಅಂದರೆ ಏನನ್ನು ಎಷ್ಟು ಕಟ್ಟಬಹುದೆಂದು ನಿಲ್ದಾಣದ ಸುತ್ತಲಿನ ನೆಲಕ್ಕೇ ಬರೆದ ಝೋನಿಂಗ್, ಕಾರಿನ ಕನಿಷ್ಠದ ಒತ್ತಾಯವನ್ನು ಬಹುಮಟ್ಟಿಗೆ ತೆಗೆದು ಗರಿಷ್ಠದ ಮಿತಿ ಹಾಕಿದವು. ಊರಿನ ನಡುವಿಗೆ ಹತ್ತಿರದ ನಿಲ್ದಾಣಗಳಲ್ಲಿ 130 ಅಡಿ ಎತ್ತರ ನೇರವಾಗಿ ಸಿಗುತ್ತದೆ. ಅಗ್ಗದ ಮನೆಗಳಿಗೆ ನೆರವು, ಪರಿಸರಸ್ನೇಹಿ ಕಟ್ಟಡ ಮುಂತಾದವಕ್ಕೆ ಸಿಗುವ ಬೋನಸ್ ಅಂಕಗಳು ಸೇರಿದರೆ 300 ಅಡಿಯ ತನಕ. ಒಳ್ಳೆಯ ನಿಯಮಗಳೇ. ಆದರೆ ಸಾಲ ಕೊಡುವ ಬ್ಯಾಂಕುಗಳು ಪಾರ್ಕಿಂಗ್ ಎಲ್ಲಿ ಎಂದು ಕೇಳುವುದನ್ನು ನಿಲ್ಲಿಸಿಲ್ಲ. ಕಾನೂನು ಬೇಡ ಎಂದರೂ ರೈಲಿಗೆ ಮುಖ ಮಾಡಿದ ಕಟ್ಟಡಗಳ ಹೊಟ್ಟೆಯಲ್ಲಿ ಇಂದಿಗೂ ನಾಲ್ಕೈದು ಮಹಡಿ ಕಾರುಗಳಿವೆ.

ಗೋದಾಮುಗಳ ಊರಾದದ್ದೂ ಸೌತ್ ಎಂಡಿಗೆ ಅನುಕೂಲವಾಯಿತು. ಮೂರು ನಾಲ್ಕು ಎಕರೆಯ ದೊಡ್ಡ ತುಂಡುಗಳು, ಒಬ್ಬೊಬ್ಬನೇ ಮಾಲೀಕ, ಎಬ್ಬಿಸಬೇಕಾದ ಬಾಡಿಗೆದಾರರು ಕಡಿಮೆ. ಪಾರ್ಕಿಂಗ್ ಕಟ್ಟಡವನ್ನು ನಡುವೆ ಇಟ್ಟು ಸುತ್ತ ಮನೆ ಕಟ್ಟಲು ಇದಕ್ಕಿಂತ ಹೇಳಿ ಮಾಡಿಸಿದ ನೆಲ ಸಿಗುವುದು ಕಷ್ಟ. ಜೊತೆಗೆ ನಗರವೇ ದಕ್ಷಿಣ ಮಾರ್ಗದ ನಿಲ್ದಾಣಗಳ ಸುತ್ತ ಕಾಲುದಾರಿ, ರಸ್ತೆ ದಾಟುವ ಜಾಗ, ಹೊಸ ಅಡ್ಡರಸ್ತೆಗಳಿಗೆಂದು ಸುಮಾರು 5 ಕೋಟಿ ಡಾಲರ್ ಹಾಕಿತು. ನನ್ನ ಅಂದಾಜಿನಲ್ಲಿ ಡಾಲರಿಗೆ ಡಾಲರ್ ಹೋಲಿಸಿದರೆ ಹಳಿಗಿಂತ ಹೆಚ್ಚು ಫಲ ಕೊಟ್ಟ ಹಣ ಇದು.

ಟೈವೋಲಾದಲ್ಲಿ ಅರ್ಧ ವೃತ್ತ

ರೈಲಿಗೆ ಜನ ನಡೆದು ಬರುವುದು ಹೆಚ್ಚೆಂದರೆ ಅರ್ಧ ಮೈಲಿ, ಹತ್ತು ನಿಮಿಷ. ನಿಲ್ದಾಣವನ್ನು ನಡುವೆ ಇಟ್ಟು ಅರ್ಧ ಮೈಲಿಯ ವೃತ್ತ ಎಳೆದರೆ ಒಳಗೆ ಸುಮಾರು 500 ಎಕರೆ. ಯೋಜನೆಯ ನಕ್ಷೆಗಳಲ್ಲಿ ಎಲ್ಲ ನಿಲ್ದಾಣಕ್ಕೂ ಇದೇ ವೃತ್ತ ಇರುತ್ತದೆ. ನೆಲದ ಮೇಲೆ ಇರುವುದಿಲ್ಲ. ಸ್ಕೇಲಿಬಾರ್ಕ್ ನಿಲ್ದಾಣ ಸೌತ್ ಬುಲೆವಾರ್ಡಿನ ನಟ್ಟನಡುವೆ ಇದೆ. ಅದನ್ನು ದಾಟಿ ವುಡ್‌ಲಾನ್, ಟೈವೋಲಾ, ಆರ್ಚ್‌ಡೇಲ್ ಕಡೆಗೆ ಹೋದಂತೆ ಹಳಿ ನಾರ್ಫಕ್ ಸದರ್ನ್ ಕಂಪನಿಯ ಸರಕು ರೈಲಿನ ಪಕ್ಕ ಸೇರಿಕೊಳ್ಳುತ್ತದೆ. ಸರಕು ಹಳಿಯನ್ನು ಎಲ್ಲೆಂದರಲ್ಲಿ ದಾಟುವಂತಿಲ್ಲ. ಹೊಸ ದಾಟುದಾರಿ ಕೇಳಿದರೆ ರೈಲ್ವೆ ಕಂಪನಿಗಳು ಸುಲಭಕ್ಕೆ ಒಪ್ಪುವುದಿಲ್ಲ, ಇರುವುದನ್ನು ಮುಚ್ಚಿಸಲು ಮಾತ್ರ ಸದಾ ಸಿದ್ಧ. ಹಾಗಾಗಿ ಪಶ್ಚಿಮದ ಅರ್ಧ ವೃತ್ತ ಬಹುತೇಕ ಸತ್ತ ಹಾಗೆ. ಉಳಿದ 250 ಎಕರೆಯ ನಡುವೆ ಅಗಲ ರಸ್ತೆ, ದಾಟಲು ದೂರದೂರದ ಸಿಗ್ನಲ್‌ಗಳು. ಹಿಂದಿನ ಬಡಾವಣೆಗಳ ರಸ್ತೆಗಳು ಸುತ್ತಿ ಸುತ್ತಿ ಕುರುಡು ಕೊನೆಗೆ ಬಂದು ನಿಲ್ಲುತ್ತವೆ. ಹಕ್ಕಿಗೆ ಕಾಲು ಮೈಲಿ ಇರುವ ಮನೆ ಮನುಷ್ಯನಿಗೆ ಮುಕ್ಕಾಲು ಮೈಲಿ.

ಅದರ ಮೇಲೆ ಮೂಲ ಮಾರ್ಗದ 15 ನಿಲ್ದಾಣಗಳಲ್ಲಿ ದಕ್ಷಿಣದ 7 ನಿಲ್ದಾಣಗಳನ್ನು ಕಾರು ನಿಲ್ಲಿಸಿ ರೈಲು ಹತ್ತುವವರಿಗಾಗಿಯೇ ರೂಪಿಸಿದರು. ಕೊನೆಯ ಐ-485 ನಿಲ್ದಾಣದಲ್ಲಿ 1,120 ಕಾರುಗಳ ಮಹಡಿ ಪಾರ್ಕಿಂಗ್ ಇದೆ. ಅಲ್ಲಿ ಅದು ಸರಿಯೇ. ಬ್ಯಾಲಂಟೈನ್‌ನಲ್ಲೋ ಸೌತ್ ಕ್ಯಾರೊಲಿನಾದ ಗಡಿಯಾಚೆ ಫೋರ್ಟ್ ಮಿಲ್‌ನಲ್ಲೋ ಮನೆ ಮಾಡಿಕೊಂಡು ಊರಿನ ನಡುವಿನ ಬ್ಯಾಂಕುಗಳಿಗೆ ಕೆಲಸಕ್ಕೆ ಹೋಗುವವರಿಗೆ, ಅವರಲ್ಲಿ ನಮ್ಮ ಕನ್ನಡದ ಕುಟುಂಬಗಳೂ ಇವೆ, ರೈಲು ಮುಟ್ಟುವುದು ಆ ಪಾರ್ಕಿಂಗ್ ಮೂಲಕವೇ. ಆದರೆ ಟೈವೋಲಾದಲ್ಲಿ ಬಾಗಿಲ ಬುಡದ ಅತಿ ಬೆಲೆಬಾಳುವ ನೆಲವನ್ನೇ ಡಾಂಬರಿಗೆ ಕೊಟ್ಟ ಮೇಲೆ, ಇಳಿದವರು ನಡೆಯಬೇಕಾದ ಮೊದಲ ಇನ್ನೂರು ಅಡಿ ಕಾರುಗಳ ನಡುವೆಯೇ ಆಗುತ್ತದೆ.

ರಸ್ತೆಯ ಬದಿಯ ತುಂಡುಗಳು ಉದ್ದಕ್ಕೆ ಇವೆ, ಆಳ ಕಡಿಮೆ. ಕಾರು ವ್ಯಾಪಾರಿಗೆ ಆ ಜಾಗ ಈಗಲೇ ಚೆನ್ನಾಗಿ ದುಡಿದು ಕೊಡುತ್ತದೆ. ನಾಲ್ಕು ಮಾಲೀಕರನ್ನು ಒಪ್ಪಿಸಿ, ಬಾಡಿಗೆ ಕರಾರುಗಳು ಮುಗಿಯುವುದನ್ನು ಕಾದು, ತೈಲ ಸೋರಿದ ಮಣ್ಣನ್ನು ಶುದ್ಧ ಮಾಡಿ ಆಮೇಲೆ ಕಟ್ಟಬೇಕು. ಸೌತ್ ಎಂಡಿನ ಬಾಡಿಗೆ ಇಲ್ಲಿ ಸಿಗದು, ಖರ್ಚು ಮಾತ್ರ ಅಷ್ಟೇ. ಝೋನಿಂಗ್ ನಕ್ಷೆಯ ಬಣ್ಣ ಬದಲಾದ ಮಾತ್ರಕ್ಕೆ ಇಲ್ಲಿ ಕಟ್ಟಡ ಏಳದಿರುವುದು ಇದಕ್ಕೇ.

ಇದನ್ನು ಬರೀ ಸೋಲು ಎನ್ನಲು ನನಗೆ ಮನಸ್ಸಿಲ್ಲ. ಆರ್ಚ್‌ಡೇಲ್ ಸುತ್ತಲಿನ ಹಳೆಯ ಎರಡು ಮಹಡಿಯ ಅಪಾರ್ಟ್‌ಮೆಂಟುಗಳಲ್ಲಿ ಇರುವವರೇ ರೈಲಿನ ಅಗತ್ಯ ಹೆಚ್ಚಿರುವವರು: ಹೋಟೆಲಿನ ಅಡುಗೆಮನೆ, ಕಟ್ಟಡ ಕೆಲಸ, ಕಚೇರಿ ಗುಡಿಸುವ ಕೆಲಸಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವವರು. ಸರ್ಕಾರದ ಯಾವ ನೆರವೂ ಇಲ್ಲದೆ, ಕೇವಲ ಹಳತಾದ್ದರಿಂದ ಅಗ್ಗವಾಗಿ ಉಳಿದ ಮನೆಗಳು ಅವು. ಒಳ್ಳೆಯ ಕಾಲುದಾರಿ, ಮರ, ದೀಪ ಬಂದ ಕೂಡಲೇ ಅವುಗಳನ್ನು ಕೊಂಡು, ಅಡುಗೆಮನೆಯ ಕಲ್ಲು ಬದಲಿಸಿ, ಬಾಡಿಗೆ ಏರಿಸಲು ಹೂಡಿಕೆದಾರರು ಕಾದಿರುತ್ತಾರೆ. ಕಾಲುದಾರಿ ಬೇಕೇ ಬೇಕು, ಆ ಜನರೂ ಅಲ್ಲೇ ಉಳಿಯಬೇಕು. ಎರಡನ್ನೂ ಸಾಧಿಸಲು ಇರುವ ದಾರಿ, ಬೆಲೆ ಏರುವ ಮೊದಲೇ ಆ ಮನೆಗಳನ್ನೋ ನೆಲವನ್ನೋ ಲಾಭದ ಹಂಗಿಲ್ಲದವರ ಕೈಗೆ ತರುವುದು.

ನೆಲ ಯಾರದು

ಈ ಊರಿಗೆ ಕಿತ್ತುಹಾಕುವುದರ ಇತಿಹಾಸವಿದೆ. ಸೆಕೆಂಡ್ ವಾರ್ಡಿನ ಬ್ರೂಕ್ಲಿನ್ ಎಂಬ ಕಪ್ಪು ಜನರ ಬಡಾವಣೆಯನ್ನು 1960ರ ದಶಕದಲ್ಲಿ 'ನಗರ ನವೀಕರಣ'ದ ಹೆಸರಿನಲ್ಲಿ ನೆಲಸಮ ಮಾಡಿದರು. ಸಾವಿರಕ್ಕೂ ಹೆಚ್ಚು ಕುಟುಂಬಗಳು, ಇನ್ನೂರಕ್ಕೂ ಹೆಚ್ಚು ಅಂಗಡಿ ಉದ್ಯಮಗಳು, ಹತ್ತಾರು ಚರ್ಚುಗಳು ಹೋದವು. ಬದಲಿಗೆ ಬಂದದ್ದು ಸರ್ಕಾರಿ ಕಟ್ಟಡಗಳು, ಒಂದು ಉದ್ಯಾನ, ಪಾರ್ಕಿಂಗ್. ಅಲ್ಲಿಂದ ಅರ್ಧ ಶತಮಾನ ಕಳೆದು, 2014ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ 50 ದೊಡ್ಡ ನಗರ ಪ್ರದೇಶಗಳಲ್ಲಿ ಬಡ ಮಗು ಮೇಲೇರುವ ಸಾಧ್ಯತೆಯನ್ನು ಅಳೆದಾಗ ಶಾರ್ಲೆಟ್ ಬಂದದ್ದು ಐವತ್ತನೆಯ ಸ್ಥಾನಕ್ಕೆ. ಆದಾಯದಲ್ಲಿ ಕೆಳಗಿನ ಐದನೇ ಒಂದು ಭಾಗದಲ್ಲಿ ಹುಟ್ಟಿದ ಮಗು ಮೇಲಿನ ಐದನೇ ಒಂದಕ್ಕೆ ತಲುಪುವ ಸಾಧ್ಯತೆ 4.4 ಶೇಕಡಾ. ಸ್ಯಾನ್ ಹೊಸೆಯಲ್ಲಿ ಅದು 12.9. ಆ ಸಂಖ್ಯೆ ಊರಿನ ಮುಖಂಡರನ್ನು ನಿಜಕ್ಕೂ ಅಲುಗಿಸಿತು. ಅಗ್ಗದ ಮನೆಗಳಿಗೆಂದು ನಗರ ಎತ್ತುವ ಸಾಲ, ಅಂದರೆ ಬಾಂಡು, 2018ರಲ್ಲಿ 1.5 ಕೋಟಿಯಿಂದ 5 ಕೋಟಿ ಡಾಲರಿಗೆ, 2024ರಲ್ಲಿ 10 ಕೋಟಿಗೆ ಏರಿತು. ಎರಡಕ್ಕೂ ಮತದಾರರೇ ಒಪ್ಪಿಗೆ ಕೊಟ್ಟರು.

ಹಣ ಬಂದರೂ ಕೈ ಕಟ್ಟಿರುವುದು ರಾಜ್ಯದ ಕಾನೂನು. ನಾರ್ತ್ ಕ್ಯಾರೊಲಿನಾದಲ್ಲಿ ಬಾಡಿಗೆ ನಿಯಂತ್ರಣವನ್ನು 1987ರಿಂದ ನಿಷೇಧಿಸಲಾಗಿದೆ. ಹೊಸ ಕಟ್ಟಡದಲ್ಲಿ ಇಷ್ಟು ಪಾಲು ಅಗ್ಗದ ಮನೆ ಇರಲೇಬೇಕು ಎಂದು ಒತ್ತಾಯಿಸುವ ಸ್ಪಷ್ಟ ಅಧಿಕಾರವೂ ನಗರಕ್ಕಿಲ್ಲ. ಉಳಿದದ್ದು ಆ ಎತ್ತರದ ಬೋನಸ್ ಒಂದೇ. ಡೆವಲಪರ್ ಅಲ್ಲೇ ಅಗ್ಗದ ಮನೆ ಕಟ್ಟಬಹುದು, ಇಲ್ಲವೇ ನಿಧಿಗೆ ಹಣ ಕಟ್ಟಬಹುದು. ಹಣ ಕಟ್ಟುವುದು ಸುಲಭ. ಆ ಹಣದಲ್ಲಿ ಮನೆ ಏಳುವುದು ನೆಲ ಅಗ್ಗವಿರುವ ಕಡೆ, ಅಂದರೆ ಬಹಳ ಸಲ ರೈಲಿನಿಂದ ದೂರ.

ಬ್ರೂಕ್‌ಹಿಲ್ ವಿಲೇಜಿನ ಕಥೆ ಇದಕ್ಕಿಂತ ಗೋಜಲಿನದು. ನ್ಯೂ ಬರ್ನ್ ನಿಲ್ದಾಣದ ಪಶ್ಚಿಮಕ್ಕೆ, ಸೌತ್ ಟ್ರಯಾನ್ ಮತ್ತು ರೆಮೌಂಟ್ ರಸ್ತೆಗಳ ಬಳಿ 36 ಎಕರೆ. 1950ರ ದಶಕದ ಆರಂಭದಲ್ಲಿ ಕಪ್ಪು ಕುಟುಂಬಗಳಿಗೆ ಬಾಡಿಗೆಗೆಂದು ಕಟ್ಟಿದ ಒಂದೇ ಮಹಡಿಯ ಸಾಲು ಮನೆಗಳು. ಕೆಳಗಿನ ನೆಲ ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು, ನೆಲದ ಭೋಗ್ಯ ಮುಗಿಯುವುದು 2049ಕ್ಕೆ. ಇಲ್ಲಿ ಹೊಸ ಅಗ್ಗದ ಮನೆ ಕಟ್ಟಬೇಕೆಂದರೆ ಒಕ್ಕೂಟದ ತೆರಿಗೆ ರಿಯಾಯಿತಿ ಬೇಕು. ಅದಕ್ಕೆ ಬಾಡಿಗೆಯನ್ನು ಮೂವತ್ತು ವರ್ಷ ತಗ್ಗಿಸಿಡುವ ಕರಾರು ಬೇಕು. ಭೋಗ್ಯದಲ್ಲಿ ಅಷ್ಟು ವರ್ಷ ಉಳಿದಿಲ್ಲ. ಸಾಲ ಕೊಡುವವರಿಗೂ ತಮ್ಮ ಸಾಲ ತೀರಿದ ಮೇಲೆ ಒಂದಷ್ಟು ವರ್ಷ ಭೋಗ್ಯ ಉಳಿದಿರಬೇಕು. ಹಾಗಾಗಿ ಕಾಗದದ ಮೇಲಿನ ಒಂದೊಂದು ಯೋಜನೆ ಮುರಿದು ಬೀಳುತ್ತ ಬಂದಂತೆ ಖಾಲಿಯಾದ ಮನೆಗಳನ್ನು ಒಂದೊಂದಾಗಿ ಕೆಡವಿದರು. ಹಲವು ಎಕರೆ ಇಂದು ಬರೀ ಹುಲ್ಲು, ಆ ಹುಲ್ಲಿನಾಚೆ ಸೌತ್ ಎಂಡಿನ ಕ್ರೇನುಗಳು. 1998ರಲ್ಲಿ, ತೆರಿಗೆಗೆ ಒಪ್ಪಿಗೆ ಸಿಕ್ಕ ಆ ಚಳಿಗಾಲದಲ್ಲೇ, ಭೋಗ್ಯದಲ್ಲಿ ಇನ್ನೂ ಐವತ್ತೊಂದು ವರ್ಷ ಇದ್ದಾಗ, ನಗರ ಆ ನೆಲದ ಮಾಲೀಕರೊಂದಿಗೆ ಮಾತಿಗೆ ಕೂರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಆಗ ಅದು ಯಾರಿಗೂ ಬೇಡದ ನೆಲ.

ರೈಲು ಬಾರದಿದ್ದರೆ

ಇಷ್ಟೆಲ್ಲ ನಿಂತಿರುವುದು ರೈಲು ಸಾಕಷ್ಟು ಬೇಗ ಬೇಗ ಬರುತ್ತದೆ ಎಂಬ ನಂಬಿಕೆಯ ಮೇಲೆ. 2018ರ ಮಾರ್ಚಿನಲ್ಲಿ ಮಾರ್ಗ ವಿಶ್ವವಿದ್ಯಾಲಯದ ತನಕ 9.3 ಮೈಲಿ ಬೆಳೆದಾಗ ಬೆಳಿಗ್ಗೆ ಸಂಜೆ ಏಳೂವರೆ ನಿಮಿಷಕ್ಕೊಂದು ರೈಲು ಇತ್ತು. ಕೋವಿಡ್ ನಂತರ ಅದು ಹದಿನೈದು, ಇಪ್ಪತ್ತು ನಿಮಿಷಕ್ಕೆ ಇಳಿಯಿತು. 2022ರ ಮೇ ತಿಂಗಳಲ್ಲಿ ಗಾಲಿಯ ಅಚ್ಚಿನ ಬೇರಿಂಗ್ ಕೆಟ್ಟು ಒಂದು ರೈಲು ಹಳಿ ತಪ್ಪಿತು. ಜನರಿಗೆ ಅದು ತಿಳಿದದ್ದು 2023ರ ಮಾರ್ಚಿನಲ್ಲಿ. ಗಂಟೆಗೆ 55 ಮೈಲಿ ಓಡುತ್ತಿದ್ದ ರೈಲುಗಳನ್ನು 35ಕ್ಕೆ ಮಿತಿಗೊಳಿಸಿದರು. 2025ರ ಆಗಸ್ಟಿನಲ್ಲಿ ರೈಲಿನೊಳಗೆ ಯುವತಿಯೊಬ್ಬಳ ಕೊಲೆಯಾದ ಮೇಲೆ ದೇಶವಿಡೀ ಈ ಮಾರ್ಗದ ಸುರಕ್ಷತೆಯ ಮಾತು. ಸಾವಿರಾರು ಮನೆಗಳನ್ನು ಕಾರಿನ ಜಾಗ ಕಡಿಮೆ ಮಾಡಿ ಕಟ್ಟಲು ಬಿಟ್ಟ ಊರು, ಆ ಮನೆಗಳ ಜನರಿಗೆ ಹತ್ತು ನಿಮಿಷಕ್ಕೊಂದು ಸುರಕ್ಷಿತ ರೈಲು ಕೊಡಲು ಬಾಧ್ಯವಾಗಿದೆ. ಚಾಲಕರ ಸಂಬಳ, ಬಿಡಿಭಾಗ, ಬೋಗಿಗಳ ಕಾಲಕಾಲದ ರಿಪೇರಿ, ಪ್ಲಾಟ್‌ಫಾರಂನಲ್ಲಿ ಕಾವಲು ಇವೆಲ್ಲ ಉದ್ಘಾಟನೆಯ ರಿಬ್ಬನ್ ಇಲ್ಲದ ಖರ್ಚುಗಳು, ಮೊದಲು ಕತ್ತರಿ ಬೀಳುವುದೂ ಇವಕ್ಕೇ.

ಕೆಂಪು ಮಾರ್ಗಕ್ಕೆ ಮೊದಲು

ಈಗ ಮತ್ತೆ ಅದೇ ಗಳಿಗೆ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ನಗರಸಭೆ ನಾರ್ಫಕ್ ಸದರ್ನ್‌ನ 'ಒ-ಲೈನ್' ಮತ್ತು ಅದಕ್ಕೆ ಸೇರಿದ ಆಸ್ತಿಗಳನ್ನು ಒಟ್ಟು 9.1 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಊರಿನ ನಡುವಿನಿಂದ ಡೆರಿಟಾ, ಹಂಟರ್ಸ್‌ವಿಲ್, ಕಾರ್ನೀಲಿಯಸ್, ಡೇವಿಡ್ಸನ್ ಮೂಲಕ ಉತ್ತರಕ್ಕೆ ಹೋಗುವ ಸುಮಾರು 22 ಮೈಲಿ ಹಳಿ. ಕೆಂಪು ಮಾರ್ಗದ ಪ್ರಯಾಣಿಕ ರೈಲು ಅದರ ಮೇಲೆ ಓಡಬೇಕು. 2025ರ ನವೆಂಬರಿನಲ್ಲಿ ಕೌಂಟಿಯ ಮತದಾರರು ಇನ್ನೊಂದು ಸೆಂಟ್ ತೆರಿಗೆಯನ್ನು ಒಪ್ಪಿದರು. ಈ ಸಲ 70 ಶೇಕಡಾ ಇಲ್ಲ, ಅರ್ಧಕ್ಕಿಂತ ತುಸು ಮೇಲೆ. ಹಣದಲ್ಲಿ 40 ಶೇಕಡಾ ರಸ್ತೆಗೆ, 40 ರೈಲಿಗೆ, 20 ಬಸ್ಸಿಗೆ ಮತ್ತು ಚಿಕ್ಕ ವಾಹನಗಳಿಗೆ. ಪೂರ್ವದ ಮ್ಯಾಥ್ಯೂಸ್ ತನಕ ಹೋಗಬೇಕಿದ್ದ ಇನ್ನೊಂದು ರೈಲು ಯೋಜನೆ, ಬೆಳ್ಳಿ ಮಾರ್ಗ, ವಿಮಾನ ನಿಲ್ದಾಣದ ಕಡೆಗಷ್ಟೇ ಮೊಟಕಾಯಿತು. ಪೂರ್ವದ ಬಡಾವಣೆಗಳಿಗೆ ಸಿಗುವುದು ಬಸ್ಸು. ಆ ಜನ ಸಿಟ್ಟಾದದ್ದು ಸಹಜ.

ಡೆರಿಟಾದಂಥ ಕಡೆ ಮಾಡಬೇಕಾದ್ದು ಗುಟ್ಟಿನದೇನಲ್ಲ. ನಿಲ್ದಾಣದ ಸ್ಥಳ ಖಚಿತವಾಗುವ ಮೊದಲೇ ಅರ್ಧ ಮೈಲಿಯೊಳಗೆ ಮಾರಾಟಕ್ಕೆ ಬರುವ ಎರಡು ಮೂರು ಎಕರೆಯ ತುಂಡುಗಳನ್ನು ವಸತಿ ಬಾಂಡಿನ ಹಣದಿಂದ ಕೊಳ್ಳುವುದು. ಅವುಗಳನ್ನು ಮಾರದೆ 99 ವರ್ಷದ ಭೋಗ್ಯಕ್ಕೆ ಕೊಡುವುದು, ಉಳಿದ ಅವಧಿ ಅರವತ್ತಕ್ಕೆ ಇಳಿಯುವ ಮೊದಲೇ ನವೀಕರಿಸುವ ಷರತ್ತು ಹಾಕುವುದು, ಬ್ರೂಕ್‌ಹಿಲ್‌ನ ಗೋಜಲು ಮತ್ತೆ ಹುಟ್ಟದಂತೆ. ಪಶ್ಚಿಮ ಭಾಗದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ, ನೆಲವನ್ನು ತನ್ನಲ್ಲಿಟ್ಟುಕೊಂಡು ಮನೆಗಳನ್ನು ಅಗ್ಗವಾಗಿ ಉಳಿಸುವ ಸಮುದಾಯ ಭೂ ಟ್ರಸ್ಟ್‌ನಂಥ ಸಂಸ್ಥೆಗಳಿಗೆ ಹಳೆಯ ಮನೆಗಳನ್ನು ಕೊಳ್ಳಲು ಬೇಗ ಸಿಗುವ ಸಾಲ ಇಡುವುದು, ಏಕೆಂದರೆ ಖಾಸಗಿ ಕೊಳ್ಳುವವನು ಎರಡು ವಾರದಲ್ಲಿ ಹಣ ಕಟ್ಟುತ್ತಾನೆ, ಸರ್ಕಾರದ ಕಡತಕ್ಕೆ ತಿಂಗಳುಗಳು ಬೇಕು. ಹಳಿಯನ್ನೇ ನಗರ ಕೊಳ್ಳುತ್ತಿರುವುದರಿಂದ, ಟೈವೋಲಾದಲ್ಲಿ ಸಿಗದ ಒಂದು ಅವಕಾಶ ಇಲ್ಲಿ ಸಿಕ್ಕಿದೆ: ಜನ ಹಳಿ ದಾಟುವ ಜಾಗಗಳನ್ನು ಮೊದಲ ನಕ್ಷೆಯಲ್ಲೇ, ಕಾಲು ಮೈಲಿಗೊಂದರಂತೆ ಗುರುತಿಸಿಡಬಹುದು. ಪ್ಲಾಟ್‌ಫಾರಂಗಳನ್ನು ಪೂರ್ತಿ ಉದ್ದಕ್ಕೆ ಕಟ್ಟಬೇಕು. ಪಾರ್ಕಿಂಗ್ ಬೇಕಿದ್ದರೆ ನಿಲ್ದಾಣದಿಂದ ಐದು ನಿಮಿಷ ನಡೆಯುವಷ್ಟು ದೂರ ಇಡಬೇಕು, ಬಾಗಿಲ ಬುಡದಲ್ಲಿ ಅಲ್ಲ. 27 ಮಂದಿಯ ಹೊಸ ಸಾರಿಗೆ ಪ್ರಾಧಿಕಾರ ತನ್ನ ಮೊದಲ ಆಯವ್ಯಯ ಬರೆಯುವಾಗ ಬೋಗಿ, ಹಳಿ, ಸೇತುವೆಗಳ ಜೊತೆಗೆ ನೆಲ ಕೊಳ್ಳುವುದಕ್ಕೂ ಒಂದು ಸಾಲು ಇರಬೇಕು. ಡೆರಿಟಾದಲ್ಲಿ ಇಂದು ಎಕರೆಗೆ ಇರುವ ಬೆಲೆ ನಿಲ್ದಾಣದ ನೀಲನಕ್ಷೆ ಪ್ರಕಟವಾದ ಮೇಲೆ ಇರುವುದಿಲ್ಲ.